ಪನೀರ್ ನೀರು, ಮಜ್ಜಿಗೆ ಪಾನೀಯ ಕೈಕೊಟ್ಟಾಗ: ತಪ್ಪು ಎಲ್ಲಾಯಿತು ಅಂತ ಹುಡುಕುವುದು ಹೇಗೆ?

ನಮ್ಮ ಮನೆ ವಿಜಯಪುರದಲ್ಲಿ. ವೈನಿ, ಅಂದರೆ ಅತ್ತಿಗೆ, ದಿನಾ ಎಮ್ಮೆ ಹಾಲಿನ ಪನೀರ್ ಮಾಡಿ ಎರಡು ಧಾಬಾಕ್ಕೆ, ಒಂದು ಖಾನಾವಳಿಗೆ ಕೊಡುತ್ತಾರೆ. 10 ಲೀಟರ್ ಹಾಲು ಒಡೆದರೆ ಸುಮಾರು 2 ಕಿಲೋ ಪನೀರ್ ಸಿಗುತ್ತದೆ. ಉಳಿಯುವುದು 7-8 ಲೀಟರ್ ನಸುಹಸಿರು ನೀರು. ಮೊದಲೆಲ್ಲ ಅದು ಸೀದಾ ಗಟಾರಕ್ಕೆ ಹೋಗುತ್ತಿತ್ತು. ಓಣಿಯವರು ವಾಸನೆ ಅಂತ ಬೈದರು. ಆಮೇಲೆ ಅದಕ್ಕೆ ಲಿಂಬೆ, ಸಕ್ಕರೆ, ಜೀರಿಗೆ ಹಾಕಿ ಪಾನೀಯ ಮಾಡಲು ಶುರು ಮಾಡಿದೆವು. ಬೆಣ್ಣೆ ತೆಗೆದ ಮಜ್ಜಿಗೆಯೂ ಜೊತೆಗೆ ಸೇರಿತು.

ಮಾಡುವುದು ಸುಲಭ. ಕೆಡುವುದು ಅದಕ್ಕಿಂತ ಸುಲಭ. ಹುಳಿ, ಕಹಿ, ಉಬ್ಬಿದ ಬಾಟಲಿ, ತಳದ ಕೆಸರು, ಎಲ್ಲ ನೋಡಿ ಆಗಿದೆ. ಪ್ರತಿ ಸಲವೂ ನಾವು ಬಾಟಲಿಯನ್ನೇ ಬೈದೆವು. ಹುಡುಕುತ್ತಾ ಹೋದಾಗ ಗೊತ್ತಾದದ್ದು ಬೇರೆ. ಬಾಟಲಿಯಲ್ಲಿ ಕಾಣುವ ತಪ್ಪು ಹೆಚ್ಚಿನ ಸಲ ಆಗಿರುವುದು ಅರಿವೆಯಿಂದ ನೀರು ಇಳಿದ ಮೊದಲ ಒಂದು ತಾಸಿನಲ್ಲಿ. ಹಾಗಾಗಿ ಕೆಳಗೆ ಯಾವ ಲಕ್ಷಣ ಓದಿದರೂ ಆ ಒಂದು ತಾಸು ಮತ್ತೆ ಮತ್ತೆ ಬರುತ್ತದೆ. ಬೇಸರ ಮಾಡ್ಕೋಬೇಡಿ.

## ಮೊದಲು ಸರಿಯಾದದ್ದು ಹೇಗಿರುತ್ತದೆ?

ಸರಿ ಇರುವುದು ಹೇಗಿರುತ್ತದೆ ಅಂತ ಗೊತ್ತಿಲ್ಲದೆ ಕೆಟ್ಟದ್ದನ್ನು ಹಿಡಿಯಲಾಗದು, ಅಲ್ವಾ. ಒಳ್ಳೆಯ ಪನೀರ್ ನೀರು ತೆಳು ಹಳದಿ-ಹಸಿರು ಬಣ್ಣದ್ದು. ಆ ಹಸಿರು ಹಾಲಿನಲ್ಲೇ ಇರುವ ರೈಬೋಫ್ಲೇವಿನ್ ಅನ್ನುವ ವಿಟಮಿನ್‌ದು. ಹೆದರಬೇಡಿ. ವಾಸನೆ ಕಾಯಿಸಿದ ಹಾಲಿನಂತೆ. ರುಚಿ ಮೊದಲು ಸಿಹಿ, ಆಮೇಲೆ ಸ್ವಲ್ಪ ಹುಳಿ, ಕೊನೆಗೆ ತುಸು ಉಪ್ಪು.

ಅದರಲ್ಲಿ ನೂರಕ್ಕೆ 93 ಪಾಲು ನೀರು. 5 ಪಾಲಿನಷ್ಟು ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಉಳಿದದ್ದು ಕ್ಯಾಲ್ಸಿಯಂ, ಪೊಟ್ಯಾಸಿಯಂನಂಥ ಲವಣ, ಸ್ವಲ್ಪ ಪ್ರೋಟೀನ್, ಚೂರು ಕೊಬ್ಬು. ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಹಾಲು ಒಡೆದಾಗ ಉಳಿಯುವ ನೀರಿಗೆ ಇಂಗ್ಲಿಷಿನಲ್ಲಿ ವೇ ಅನ್ನುತ್ತಾರೆ, ಆದರೆ ಡಬ್ಬಿಯಲ್ಲಿ ಮಾರುವ ವೇ ಪ್ರೋಟೀನ್ ಪುಡಿಗೂ ನಮ್ಮ ಪನೀರ್ ನೀರಿಗೂ ದೂರದ ಸಂಬಂಧ. ಪನೀರಿಗೆ ಹಾಲನ್ನು ಚೆನ್ನಾಗಿ ಕಾಯಿಸುತ್ತೇವೆ. ಆಗ ನೀರಿನ ಪ್ರೋಟೀನಿನ ಬಹುಪಾಲು ಪನೀರಿನ ಜೊತೆಗೇ ಹೋಗುತ್ತದೆ. 200 ಮಿಲಿ ಲೋಟದಲ್ಲಿ ಉಳಿಯುವುದು 1 ಗ್ರಾಂ ಆಸುಪಾಸು. ಅಷ್ಟೇ ಹಾಲಿನಲ್ಲಿ 6-7 ಗ್ರಾಂ ಇರುತ್ತದೆ. ಇದು ಬಿಸಿಲಿಗೆ ಒಳ್ಳೆಯದು, ಶರಬತ್ತಿಗಿಂತ ಮೇಲು, ಆದರೆ ಹಾಲಿಗೆ ಬದಲಿ ಅಲ್ಲ. ಮಕ್ಕಳಿಗೆ ಪೋಷಣೆಯೂ ಸಿಗಲಿ ಅಂದರೆ ಅರ್ಧ ಪನೀರ್ ನೀರು, ಅರ್ಧ ಗಟ್ಟಿ ಮಜ್ಜಿಗೆ ಸೇರಿಸಿ. ಪ್ರೋಟೀನ್ ಮಜ್ಜಿಗೆಯಲ್ಲಿದೆ.

ಇದನ್ನು ಕುಡಿಯೋದಾ ಅಂತ ಮೂಗು ಮುರಿಯುವವರಿಗೆ ಒಂದು ವಿಷಯ ಹೇಳಿ. ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಹಾಲಿನ ಇದೇ ತಿಳಿಯಿಂದ ಮಾಡಿದ ರಿವೆಲ್ಲಾ ಅನ್ನುವ ತಂಪು ಪಾನೀಯ 1952ರಿಂದ ಮಾರಾಟದಲ್ಲಿದೆ. ಹರಿಯಾಣದ ಕರ್ನಾಲಿನಲ್ಲಿರುವ ನಮ್ಮ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯೂ ಇಂಥ ಪಾನೀಯಗಳನ್ನು ಮಾಡಿ ತೋರಿಸಿದೆ.

ನಮ್ಮ ವಿಧಾನ ಇಷ್ಟೇ. ನೀರು ಇಳಿದ ಕೂಡಲೇ ತೆಳು ಅರಿವೆಯಲ್ಲಿ ಸೋಸುವುದು. 75 ಡಿಗ್ರಿ ದಾಟಿಸಿ ಎರಡು ನಿಮಿಷ ಇಡುವುದು. ಮತ್ತೆ ಸೋಸುವುದು. ಲೀಟರಿಗೆ 70-80 ಗ್ರಾಂ ಸಕ್ಕರೆ ಕರಗಿಸಿ ತಣ್ಣಗೆ ಮಾಡುವುದು. ಲಿಂಬೆ ರಸ, ಹುರಿದ ಜೀರಿಗೆ ಪುಡಿ, ಚಿಟಿಕೆ ಸೈಂಧವ ಲವಣ ಕೊನೆಗೆ. ಫ್ರಿಜ್‌ನಲ್ಲಿ ಇಟ್ಟು ಎರಡು ದಿನದೊಳಗೆ ಮುಗಿಸುವುದು. ಮೂರನೇ ದಿನ ಚೆನ್ನಾಗಿದ್ದರೂ ನಾವು ಮಾರುವುದಿಲ್ಲ.

## ಕೈಗೆ ಬೇಕಾದ ಸಾಮಾನು

ಒಂದು ಅಡುಗೆ ಥರ್ಮಾಮೀಟರ್, ಪಿಎಚ್ ಪೇಪರ್ (ಹುಳಿ ಅಳೆಯುವ ಕಾಗದ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ), ಗೋಡೆ ಗಡಿಯಾರ, ಒಂದು ನೋಟ್‌ಬುಕ್. ಇವಿಷ್ಟೂ ಒಂದು ಹೊತ್ತಿನ ಹಾಲಿನ ದುಡ್ಡಿಗಿಂತ ಜಾಸ್ತಿ ಆಗುವುದಿಲ್ಲ.

ಥರ್ಮಾಮೀಟರ್ ಸುಳ್ಳು ಹೇಳುತ್ತದಾ ಅಂತ ಮೊದಲು ನೋಡಿಕೊಳ್ಳಿ. ಕರಗುತ್ತಿರುವ ಐಸ್ ನೀರಿನಲ್ಲಿ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ಬರಲಿಲ್ಲ ಅಂತ ಎಸೆಯಬೇಡಿ. ನಾವು ಸಮುದ್ರಕ್ಕಿಂತ ಎತ್ತರದಲ್ಲಿದ್ದೇವೆ. ವಿಜಯಪುರದಲ್ಲಿ ನೀರು 98ರ ಹತ್ತಿರ ಕುದಿಯುತ್ತದೆ, ಬೆಳಗಾವಿಯಲ್ಲಿ ಇನ್ನೂ ಸ್ವಲ್ಪ ಕಡಿಮೆಗೆ.

ನೋಟ್‌ಬುಕ್‌ನಲ್ಲಿ ನಾಲ್ಕು ಹೊತ್ತು ಬರೆಯಿರಿ: ಹಾಲು ಒಡೆದದ್ದು, ನೀರು ಇಳಿದದ್ದು, ಬಿಸಿ ಮಾಡಿದ್ದು, ಫ್ರಿಜ್‌ಗೆ ಹೋದದ್ದು. ನಾನು ಇದನ್ನು ಶುರು ಮಾಡಿದಾಗ ವೈನಿ ನಕ್ಕರು. "ತಮ್ಮಾ, ನಿನ್ನ ಪುಸ್ತಕ ಆಮೇಲೆ, ಮೊದಲ ಮೂಸಿ ನೋಡು" ಅಂದರು. ಅವರ ಮಾತೂ ಸರಿ. ಅತಿ ಅಗ್ಗದ ಉಪಕರಣ ಮೂಗೇ. ಆದರೆ ಮೂಗು ಕೆಟ್ಟಿದೆ ಅನ್ನುತ್ತದೆ, ಯಾವಾಗ ಕೆಟ್ಟಿತು ಅನ್ನುವುದಿಲ್ಲ. ಅದಕ್ಕೆ ಪುಸ್ತಕ ಬೇಕು.

## ಬೆಳಿಗ್ಗೆ ಚೆನ್ನಾಗಿತ್ತು, ಸಂಜೆಗೆ ಹುಳಿ ಹುಳಿ

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದು. ಮಾರ್ಚ್‌ನಿಂದ ಮೇ ತನಕ ಇನ್ನೂ ಜಾಸ್ತಿ. 40 ಡಿಗ್ರಿ ಬಿಸಿಲಲ್ಲಿ ಹಾಲಿನ ಸಕ್ಕರೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಹಬ್ಬ. ಅವು ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹುಳಿ ಅಂದರೆ ಅದೇ.

ಮೊದಲು ದುಡ್ಡು ಖರ್ಚಿಲ್ಲದ ಪ್ರಶ್ನೆ ಕೇಳಿಕೊಳ್ಳಿ. ಲಿಂಬೆ ಹೆಚ್ಚಾಯಿತಾ? ನಗಬೇಡಿ, ಒಮ್ಮೆ ನಾವು ಅರ್ಧ ದಿನ ಫ್ರಿಜ್ ಬಿಚ್ಚಿ ನೋಡಿದೆವು. ತಪ್ಪು ಇದ್ದದ್ದು ಲಿಂಬೆಯಲ್ಲಿ. ಆ ವಾರದ ಕಾಯಿ ದೊಡ್ಡವಿದ್ದವು, ಎಣಿಕೆ ಮಾತ್ರ ಹಳೆಯದೇ. ರಸವನ್ನು ಕಾಯಿ ಲೆಕ್ಕದಲ್ಲಿ ಹಾಕಬೇಡಿ, ಅಳತೆ ಲೋಟದಲ್ಲಿ ಹಾಕಿ. ಹಾಲು ಒಡೆಯಲು ಹಾಕುವ ಹುಳಿಯೂ ಹಾಗೆಯೇ. ಸಿಟ್ರಿಕ್ ಆಮ್ಲ ಲೀಟರ್ ಹಾಲಿಗೆ 2 ಗ್ರಾಂ ಸುಮಾರಿಗೆ ಸಾಕು. ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಹಾಕುತ್ತಾ, ನೀರು ತಿಳಿಯಾದ ಕೂಡಲೇ ನಿಲ್ಲಿಸಿ. ಅದಕ್ಕಿಂತ ಹಾಕಿದ್ದೆಲ್ಲ ಪಾನೀಯದ ಹುಳಿಯೇ.

ನಿನ್ನೆಯ ಹುಳಿ ನೀರಿನಿಂದಲೇ ಇವತ್ತಿನ ಹಾಲು ಒಡೆಯುವ ಪದ್ಧತಿ ಹಲವು ಮನೆಗಳಲ್ಲಿದೆ. ಖರ್ಚು ಉಳಿಯುತ್ತದೆ, ಪನೀರ್ ಚೆನ್ನಾಗಿಯೇ ಬರುತ್ತದೆ. ಆದರೆ ಆ ನೀರನ್ನು ಪಾನೀಯಕ್ಕೆ ಎತ್ತಬೇಡಿ. ದಿನದಿಂದ ದಿನಕ್ಕೆ ಹುಳಿ, ಉಪ್ಪು ಎರಡೂ ಏರುತ್ತಾ ಹೋಗುತ್ತವೆ.

ಇಲ್ಲೆಲ್ಲ ತಪ್ಪಿಲ್ಲದಿದ್ದರೆ ಪಿಎಚ್ ಪೇಪರ್ ತೆಗೆಯಿರಿ. ಲಿಂಬೆ ಹಾಕುವ ಮೊದಲು ಅದ್ದಿ. ಸಿಟ್ರಿಕ್ ಹಾಕಿ ಒಡೆದ ತಾಜಾ ನೀರು 5.2ರಿಂದ 5.6ರ ನಡುವೆ ಇರುತ್ತದೆ. ಪೇಪರ್ ಕಣ್ಣಂದಾಜಿನದು, ಆದರೂ 5ಕ್ಕಿಂತ ಕೆಳಗೆ ತೋರಿಸಿದರೆ ಹುಳಿ ಆಗಲೇ ಶುರುವಾಗಿದೆ ಅಂತ ತಿಳಿಯಿರಿ. ಅದನ್ನು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಹುಳಿ ಹೋಗುವುದಿಲ್ಲ. ಸಕ್ಕರೆ ಹಾಕಿ ಮುಚ್ಚಿಡಲು ನೋಡಬೇಡಿ.

ಮುಂದಿನದು ಮೂರು ಡಬ್ಬಿ ಪರೀಕ್ಷೆ. ನನಗೆ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಮೂರು ಸಣ್ಣ ಸ್ಟೀಲ್ ಡಬ್ಬಿ ತಗೊಳ್ಳಿ. ಅವತ್ತು ಸಕ್ಕರೆ, ಲಿಂಬೆ ಬೇಡ. ಒಂದನೇ ಡಬ್ಬಿಗೆ, ಅರಿವೆಯಿಂದ ಇಳಿಯುತ್ತಿರುವಾಗಲೇ ಹಿಡಿದು ಆಗಲೇ ಕುದಿಸಿದ ನೀರು. ಎರಡನೆಯದಕ್ಕೆ, ದಿನದಂತೆ ಬಿಸಿ ಮಾಡಿ ಆರಿಸಿದ ದೊಡ್ಡ ಪಾತೇಲಿಯ ನೀರು. ಮೂರನೆಯದಕ್ಕೆ, ಬಾಟಲಿಗೆ ತುಂಬಿ ಮತ್ತೆ ಸುರಿದ ನೀರು. ಮೂರನ್ನೂ ಫ್ರಿಜ್‌ನಲ್ಲಿಟ್ಟು ಮರುದಿನ ಸಂಜೆ ಪಿಎಚ್ ನೋಡಿ, ಮೂಸಿ, ಒಂದು ಚಮಚೆ ರುಚಿ ನೋಡಿ.

ಮೂರನೆಯದು ಮಾತ್ರ ಹುಳಿಯಾಗಿದ್ದರೆ ತಪ್ಪು ಬಾಟಲಿ, ಲಾಳಿಕೆ ಅಥವಾ ಕೈಯದು. ಎರಡು ಮತ್ತು ಮೂರು ಹುಳಿಯಾಗಿದ್ದರೆ ನೀರು ಬಿಸಿಯಾಗುವ ಮೊದಲು ತುಂಬ ಹೊತ್ತು ಕಾದಿದೆ, ಇಲ್ಲವೇ ಬಿಸಿಯಾದ ಮೇಲೆ ನಿಧಾನ ಆರಿದೆ. ಮೂರೂ ಹುಳಿಯಾದರೆ ಫ್ರಿಜ್ ಅಥವಾ ಬಂದ ಹಾಲನ್ನೇ ಸಂಶಯಿಸಿ.

ನಮ್ಮಲ್ಲಿ ಎರಡು-ಮೂರು ಹುಳಿಯಾಗಿತ್ತು. ನೋಟ್‌ಬುಕ್ ತೆಗೆದು ನೋಡಿದರೆ ನೀರು ಇಳಿದದ್ದು 8 ಗಂಟೆಗೆ, ಬಿಸಿಗೆ ಹೋದದ್ದು 11ಕ್ಕೆ. ನಡುವೆ ವೈನಿ ಪನೀರ್ ಕಟ್ ಮಾಡಿ, ತೂಗಿ, ಧಾಬಾದವರಿಗೆ ಕೊಟ್ಟು ಬರುತ್ತಿದ್ದರು. ಉಗುರುಬೆಚ್ಚಗಿನ ನೀರು ಮೂರು ತಾಸು ಅಡುಗೆಮನೆಯಲ್ಲಿ ಕೂತಿತ್ತು. ಇದಕ್ಕಿಂತ ಚೆನ್ನಾಗಿ ಹೆಪ್ಪು ಹಾಕಲು ಬರುತ್ತದಾ? ಈಗ ನೀರು ಸೀದಾ ಒಲೆ ಮೇಲಿನ ಪಾತೇಲಿಗೇ ಇಳಿಯುತ್ತದೆ. ಪನೀರ್ ಕಾಯುತ್ತದೆ, ನೀರು ಕಾಯುವುದಿಲ್ಲ.

ಆರಿಸುವುದೂ ಅಷ್ಟೇ ಮುಖ್ಯ. 20 ಲೀಟರ್ ಬಿಸಿ ನೀರನ್ನು ಒಂದೇ ಪಾತೇಲಿಯಲ್ಲಿ ಬಿಟ್ಟರೆ ಮಧ್ಯಾಹ್ನವಾದರೂ ನಡುವೆ ಬೆಚ್ಚಗೇ ಇರುತ್ತದೆ. 4-5 ಲೀಟರಿನ ಬೋಗಾಣಿಗಳಿಗೆ ಹಂಚಿ, ನೀರು ತುಂಬಿದ ತೊಟ್ಟಿಯಲ್ಲಿಟ್ಟು ಆಗಾಗ ತಿರುವಿ. ತೊಟ್ಟಿಯ ನೀರು ಬೆಚ್ಚಗಾದರೆ ಬದಲಿಸಿ, ಕೊನೆಗೆ ಐಸ್ ಹಾಕಿ. 2 ತಾಸಿನೊಳಗೆ 20 ಡಿಗ್ರಿ, ಅಲ್ಲಿಂದ 4 ತಾಸಿನೊಳಗೆ 5 ಡಿಗ್ರಿ, ಇದು ಗುರಿ. ಬಿಸಿಯದನ್ನು ನೇರ ಫ್ರಿಜ್‌ಗೆ ತಳ್ಳಿದರೆ ಅದೂ ಆರುವುದಿಲ್ಲ, ಪಕ್ಕದ ಪನೀರೂ ಬೆಚ್ಚಗಾಗುತ್ತದೆ.

ಫ್ರಿಜ್ ಮೇಲೆ ಸಂಶಯ ಇದ್ದರೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿ ಬಿಡಿ. ಬೆಳಿಗ್ಗೆ 5ಕ್ಕಿಂತ ಮೇಲಿದ್ದರೆ ಬಾಗಿಲಿನ ರಬ್ಬರ್ ನೋಡಿ. ಕಾಗದದ ಚೂರು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ. ರಬ್ಬರ್ ಸರಿ ಇದ್ದೂ ತಂಪಾಗದಿದ್ದರೆ ಮೆಕ್ಯಾನಿಕ್ ಕರೆಸಿ. ಹಿಂದಿನ ಗ್ಯಾಸ್ ಪೈಪು, ವೈರಿಗೆ ಕೈ ಹಾಕಬೇಡಿ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ 3-4 ತಾಸು ತಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಆ ದಿನದ ಪಾನೀಯ ಮಾರಬೇಡಿ.

## ಬಾಟಲಿ ಉಬ್ಬಿದೆ, ಮುಚ್ಚಳ ತಿರುವಿದರೆ ಬುಸ್ ಅನ್ನುತ್ತದೆ

ಇಲ್ಲಿ ಪರೀಕ್ಷೆ ಆಮೇಲೆ. ಮೊದಲು ನಿಲ್ಲಿಸಿ. ರುಚಿ ನೋಡಬೇಡಿ. ಆ ದಿನದ ಎಲ್ಲ ಬಾಟಲಿ ವಾಪಸ್ ತರಿಸಿ. ಗಾಜಿನ ಬಾಟಲಿ ಆಗಿದ್ದರೆ ಅದು ಒಡೆದು ಸಿಡಿಯಬಹುದು. ದಪ್ಪ ಟವೆಲ್ ಸುತ್ತಿ, ಮುಖ ದೂರ ಇಟ್ಟು, ಮನೆ ಹೊರಗೆ ನಿಧಾನವಾಗಿ ತೆರೆಯಿರಿ. ಮಕ್ಕಳು ಹತ್ತಿರ ಬೇಡ. ಗಾಜಿನಲ್ಲಿ ಈ ಪಾನೀಯ ತುಂಬುವುದೇ ಬೇಡ ಅಂತ ನನ್ನ ಅಭಿಪ್ರಾಯ.

ಗ್ಯಾಸ್ ಎಲ್ಲಿಂದ? ಎರಡು ದಾರಿ. ಒಂದು ಯೀಸ್ಟ್. ಅದಕ್ಕೆ ಸಕ್ಕರೆ, ಹಣ್ಣು ಇಷ್ಟ. ವಾಸನೆ ಬ್ರೆಡ್ಡಿನ ಹಿಟ್ಟಿನಂತೆ, ಹೆಂಡದಂತೆ ಇರುತ್ತದೆ. ಇನ್ನೊಂದು ಕೊಳಕು ನೀರು, ಕೈಯಿಂದ ಬರುವ ಬ್ಯಾಕ್ಟೀರಿಯಾ. ವಾಸನೆ ಕೊಟ್ಟಿಗೆಯಂತೆ ಇರುತ್ತದೆ. ಎರಡನೆಯದು ಅಪಾಯದ ಸೂಚನೆ. ಆದರೆ ವಾಸನೆ ಹೆಂಡದ್ದು ಅಂತ ಸಮಾಧಾನಪಟ್ಟು ಕುಡಿಯಬೇಡಿ. ಎರಡನ್ನೂ ಚೆಲ್ಲಿ.

ಮೂಲ ಹುಡುಕಲು ಮರುದಿನ ನಾಲ್ಕು ಬಾಟಲಿ ಸಾಕು. ಬರೀ ಪನೀರ್ ನೀರಿನದು, ಸಕ್ಕರೆ ಹಾಕಿದ್ದು, ಸಕ್ಕರೆ ಮತ್ತು ಹಣ್ಣಿನ ರಸ ಹಾಕಿದ್ದು, ಈ ಮೂರಕ್ಕೂ ದಿನದ ಮುಚ್ಚಳವೇ. ನಾಲ್ಕನೆಯದು ಎಲ್ಲ ಹಾಕಿ ಹೊಸ ಮುಚ್ಚಳ ಬಿಗಿದದ್ದು. ಇವನ್ನು ಯಾರೂ ಕುಡಿಯದಂತೆ ಗುರುತು ಮಾಡಿ, ಪ್ಲಾಸ್ಟಿಕ್ ಬಾಟಲಿಯಲ್ಲೇ ಹೊರಗಿಡಿ. ಯಾವುದು ಮೊದಲು ಗಟ್ಟಿಯಾಗಿ ಉಬ್ಬುತ್ತದೆ ನೋಡಿ. ಹಣ್ಣಿನ ರಸ ಇರುವ ಎರಡು ಮಾತ್ರ ಉಬ್ಬಿದರೆ ರಸವನ್ನು ಬಿಸಿ ಮಾಡದೆ ಹಾಕಿದ್ದೇ ಕಾರಣ. ಹೊಸ ಮುಚ್ಚಳದ್ದೊಂದೇ ಉಬ್ಬದೆ ಉಳಿದರೆ ತಪ್ಪು ಹಳೆ ಮುಚ್ಚಳದ್ದು.

ನಮ್ಮದು ಮುಚ್ಚಳದ ಕಥೆ. ಒಂದು ಮದುವೆಗೆ 40 ಬಾಟಲಿ ಒಪ್ಪಿಕೊಂಡಿದ್ದೆವು. ಬಾಟಲಿ ಸಾಲದೆ ತಂಪು ಪಾನೀಯದ ಹಳೆ ಬಾಟಲಿ ತಂದು ತೊಳೆದೆವು. ಬಾಟಲಿ ಸ್ವಚ್ಛವೇ ಆಗಿತ್ತು. ಮುಚ್ಚಳದ ಒಳಸುತ್ತಿನಲ್ಲಿ ಅಂಟು ಉಳಿದಿತ್ತು. ಅಲ್ಲಿಗೆ ಬ್ರಶ್ ಹೋಗುವುದಿಲ್ಲ. ಬೆಳಿಗ್ಗೆ ನೋಡಿದರೆ ಹಳೆಯವೆಲ್ಲ ಉಬ್ಬಿ ನಿಂತಿವೆ, ಹೊಸವು ಸುಮ್ನೆ ಕೂತಿವೆ. ಮದುವೆ ಮನೆಗೆ ಅವತ್ತು ನೀರುಮಜ್ಜಿಗೆ ಹೋಯಿತು. ಅಲ್ಲಿಂದ ಒಮ್ಮೆ ಬಳಸಿದ ಬಾಟಲಿ ನಮ್ಮಲ್ಲಿ ಮತ್ತೆ ತುಂಬುವುದಿಲ್ಲ.

ಐಸ್ ಬಗ್ಗೆ ಒಂದು ಮಾತು. ಪೇಟೆಯಿಂದ ತಂದ ದೊಡ್ಡ ಐಸ್ ಗಡ್ಡೆ ಹೊರಗಿನಿಂದ ತಂಪು ಮಾಡಲು ಮಾತ್ರ. ಪಾನೀಯದೊಳಗೆ ಹಾಕಬೇಡಿ.

## ಕುಡಿದ ಮೇಲೆ ನಾಲಿಗೆಯಲ್ಲಿ ಕಹಿ ಉಳಿಯುತ್ತದೆ

ಇದು ನನಗೆ ಇಷ್ಟದ ಒಗಟು. ಯಾಕಂದರೆ ಕಹಿ ಯಾವಾಗ ಬಂತು ಅನ್ನುವುದೇ ಅರ್ಧ ಉತ್ತರ.

ಮಾಡಿದ ಕೂಡಲೇ ಕಹಿಯಾಗಿದ್ದರೆ ಲಿಂಬೆ ಸಿಪ್ಪೆ, ಸುಟ್ಟ ಜೀರಿಗೆ ಅಥವಾ ತಳ ಹತ್ತಿದ ಬೆಲ್ಲದ ಪಾಕ. ನಮ್ಮ ಜಿಲ್ಲೆಯ ಇಂಡಿ ಲಿಂಬೆಗೆ ಜಿಐ ಗುರುತು (ಊರಿನ ವಿಶೇಷ ಬೆಳೆಗೆ ಸಿಗುವ ಸರ್ಕಾರಿ ಗುರುತು) ಸಿಕ್ಕಿದೆ, ರಸ ಧಾರಾಳ. ಆದರೆ ಇಡೀ ಹಣ್ಣನ್ನು ಯಂತ್ರಕ್ಕೆ ಹಾಕಿ ಹಿಂಡಿದರೆ ಸಿಪ್ಪೆಯ ಎಣ್ಣೆಯೂ ರಸಕ್ಕೆ ಬರುತ್ತದೆ. ಕೈಯಲ್ಲಿ ಹಗುರವಾಗಿ ಹಿಂಡಿ ನೋಡಿ. ಕಹಿ ಹೋದರೆ ಅಲ್ಲಿಗೆ ಮುಗಿಯಿತು.

ಮಾಡುವಾಗ ಚೆನ್ನಾಗಿದ್ದು ಕೆಲವು ತಾಸಿನ ಮೇಲೆ ಕಹಿಯಾದರೆ ಇಬ್ಬರ ಮೇಲೆ ಸಂಶಯ. ಮೊದಲನೆಯದು ಲಿಂಬೆಯ ಬೀಜ ಮತ್ತು ಬಿಳಿ ತಿರುಳು. ರಸದಲ್ಲಿ ಬಿದ್ದ ಬೀಜ ಮೊದಲು ಏನೂ ಅನ್ನುವುದಿಲ್ಲ, ಹೊತ್ತು ಕಳೆದಂತೆ ಲಿಮೋನಿನ್ ಅನ್ನುವ ಕಹಿ ಹುಟ್ಟುತ್ತದೆ. ಬಿಸಿ ಮಾಡಿದರೆ ಇನ್ನೂ ಬೇಗ. ರಸ ಹಿಂಡಿದ ಕೂಡಲೇ ಸೋಸಿ, ಪಾನೀಯ ಆರಿದ ಮೇಲೆ ಹಾಕಿ.

ಎರಡನೆಯದನ್ನು ಯಾರೂ ಊಹಿಸುವುದಿಲ್ಲ. ಹಸಿ ಶುಂಠಿ, ಅನಾನಸ್, ಪಪ್ಪಾಯಿ. ಈ ಮೂರರಲ್ಲೂ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ. ಹಾಲಿನ ಪ್ರೋಟೀನ್ ತುಂಡಾದಾಗ ಆ ತುಂಡುಗಳು ಕಹಿ. ಬರೀ ಪನೀರ್ ನೀರಿನಲ್ಲಿ ಪ್ರೋಟೀನ್ ಕಡಿಮೆ, ಅಷ್ಟು ಗೊತ್ತಾಗುವುದಿಲ್ಲ. ಮಜ್ಜಿಗೆ ಬೆರೆಸಿದ್ದರಲ್ಲಿ ಎದ್ದು ಕಾಣುತ್ತದೆ. ಪರೀಕ್ಷೆ ಸುಲಭ. ಅರ್ಧ ಶುಂಠಿ ರಸವನ್ನು ಒಂದು ಕುದಿ ಬರಿಸಿ ಹಾಕಿ, ಇನ್ನರ್ಧ ಹಸಿಯಾಗಿಯೇ ಹಾಕಿ. ನಾಲ್ಕು ತಾಸಿನ ಮೇಲೆ ಎರಡನ್ನೂ ಕುಡಿದು ನೋಡಿ. ಕುದಿಸಿದರೆ ಕಿಣ್ವ ಸಾಯುತ್ತದೆ. ಹಸಿ ಶುಂಠಿಯದು ಮಾತ್ರ ಕಹಿಯಾಗಿದ್ದರೆ ಉತ್ತರ ಸಿಕ್ಕಿತು.

ಎರಡು ದಿನದ ಮೇಲೆ ಕಹಿ ಬಂದರೆ ಅದು ಬ್ಯಾಕ್ಟೀರಿಯಾ ಕೆಲಸ, ಚೆಲ್ಲಿ. ಪ್ರತಿ ವಾರ ಹೀಗೆ ಆಗುತ್ತಿದ್ದರೆ ಹಾಲು ಕೊಡುವವರನ್ನು ವಿಚಾರಿಸಿ. ನಿನ್ನೆ ಬೆಳಿಗ್ಗೆಯ ಹಾಲನ್ನು ತಂಪಿನಲ್ಲಿಟ್ಟು ಇವತ್ತಿನದರ ಜೊತೆ ಸೇರಿಸಿ ಕೊಡುತ್ತಿರಬಹುದು.

## ತಳದಲ್ಲಿ ಬಿಳಿ ಕೆಸರು, ಮೇಲೆ ತಿಳಿ

ಹೆಚ್ಚಿನ ಸಲ ಇದು ರೋಗವೇ ಅಲ್ಲ. ಬಿಸಿ ಮಾಡಿದಾಗ ಉಳಿದ ಪ್ರೋಟೀನ್ ಗಂಟುಕಟ್ಟಿ ಕೆಳಗೆ ಕೂರುತ್ತದೆ. ವಾಸನೆ, ರುಚಿ ಸರಿ ಇದ್ದರೆ ಅಲುಗಾಡಿಸಿ ಕುಡಿಯಿರಿ. ನೋಡಲು ಚೆನ್ನಾಗಿರಬೇಕು ಅಂದರೆ ಬಿಸಿ ಮಾಡಿದ ಮೇಲೆ ಇನ್ನೊಮ್ಮೆ ಸೋಸಿ. ಆದರೆ ಆ ಕೆಸರಿನಲ್ಲೇ ಪ್ರೋಟೀನ್ ಇದೆ ಅನ್ನುವುದು ನೆನಪಿರಲಿ. ಮನೆಗಾದರೆ ನಾವು ಸೋಸುವುದಿಲ್ಲ.

ಕಂದು ಕೆಸರು ಬೆಲ್ಲದ್ದು. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ನೀರು ಹಾಕಿ ಕುದಿಸಿ, ಸೋಸಿ, ಆರಿಸಿ ಬೆರೆಸಿ. ಮಹಾಲಿಂಗಪುರದ ಒಳ್ಳೆಯ ಬೆಲ್ಲ ತಂದರೂ ಸೋಸುವುದು ತಪ್ಪಿಸಬೇಡಿ. ದಾಳಿಂಬೆ ರಸ ಹಾಕಿದ್ದರೆ ಅದರ ಒಗರು ಪ್ರೋಟೀನನ್ನು ಹಿಡಿದು ಕೆಳಗೆ ಎಳೆಯುತ್ತದೆ. ಬಾಗಲಕೋಟೆ ಕಡೆ ದಾಳಿಂಬೆ ಹಾಕುವವರು ಕಾಳು ಮಾತ್ರ ಹಿಂಡಬೇಕು, ಬಿಳಿ ಪೊರೆ ಬೇಡ. ಮೇಲೆ ಕೊಬ್ಬಿನ ಹನಿ ತೇಲುತ್ತಿದ್ದರೆ ರಾತ್ರಿ ತಂಪಿನಲ್ಲಿಟ್ಟು ಗಟ್ಟಿಯಾದ ಪದರ ತೆಗೆಯಿರಿ. ವೈನಿ ಅದನ್ನು ತುಪ್ಪಕ್ಕೆ ಸೇರಿಸುತ್ತಾರೆ.

ಕೆಸರು ನೂಲಿನಂತೆ, ಹತ್ತಿಯಂತೆ ಇದ್ದರೆ, ಅಥವಾ ಮೇಲೆ ಬಣ್ಣದ ಬೂಷ್ಟು ಕಂಡರೆ ಮಾತ್ರ ಪೂರ್ತಿ ಚೆಲ್ಲಿ. ಬೂಷ್ಟು ತೆಗೆದು ಉಳಿದದ್ದು ಕುಡಿಯುವುದು ಬೇಡ.

## ಮಜ್ಜಿಗೆ ಲೋಳೆಯಾಗಿದೆ, ಇಲ್ಲವೇ ಬಿಸಿ ಮಾಡಿದರೆ ಒಡೆಯುತ್ತದೆ

ಚಮಚೆ ಎತ್ತಿದರೆ ದಾರ ಎಳೆದಂತೆ ಬರುತ್ತದಾ? ಹೆಪ್ಪಿನಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಆ ಹೆಪ್ಪು ಬಿಟ್ಟುಬಿಡಿ. ಎಷ್ಟು ಸಲ ಹಾಕಿದರೂ ಮತ್ತೆ ಲೋಳೆಯೇ ಬರುತ್ತದೆ. ಪಾತ್ರೆ, ಕಡಗೋಲು ಕುದಿಯುವ ನೀರಿನಲ್ಲಿ ಅದ್ದಿ, ಬೇರೆ ಮನೆಯ ಹೆಪ್ಪು ತನ್ನಿ. ಮರದ ಕಡಗೋಲಿನ ಸಂದುಗಳನ್ನು ಮರೆಯಬೇಡಿ. ನಮ್ಮ ತಪ್ಪು ಅಲ್ಲೇ ಅಡಗಿತ್ತು.

ಮಜ್ಜಿಗೆ ಬಿಸಿ ಮಾಡಿದರೆ ಒಡೆಯುವುದು ಅದರ ಗುಣ. ಹಾಗಾಗಿ ಸುರಕ್ಷತೆಗೆ ಬಿಸಿ ಮಾಡುವ ಕೆಲಸ ಹೆಪ್ಪು ಹಾಕುವ ಮೊದಲೇ, ಹಾಲಿನಲ್ಲೇ ಮುಗಿಯಬೇಕು. ಹಸಿ ಹಾಲಿನ ಕೆನೆ ಕಡೆದು ಬಂದ ಮಜ್ಜಿಗೆಯನ್ನು ಹಾಗೇ ಕುಡಿಯಬೇಡಿ, ಮಾರಬೇಡಿ. ದನದಿಂದ ಮನುಷ್ಯರಿಗೆ ಬರುವ ಬ್ರುಸೆಲ್ಲಾ ಜ್ವರ ಕಾಯಿಸದ ಹಾಲಿನಿಂದ ಹರಡುತ್ತದೆ. ಹುಳಿಯಾದ ಮಾತ್ರಕ್ಕೆ ಅದರ ಬ್ಯಾಕ್ಟೀರಿಯಾ ಸಾಯುತ್ತವೆ ಅಂತ ನಂಬಬೇಡಿ.

ಬಾಟಲಿಯಲ್ಲಿ ಮಜ್ಜಿಗೆ ನೀರು ಬಿಟ್ಟು ನಿಂತರೆ ಅಲುಗಾಡಿಸಿ. ಅಷ್ಟೇ.

## ಬಣ್ಣ ಬದಲಾಗಿದೆ, ಕಬ್ಬಿಣದಂಥ ಅಥವಾ ಔಷಧಿಯಂಥ ರುಚಿ

ನೀಲಿ-ಹಸಿರು ಛಾಯೆ, ಲೋಹದ ರುಚಿ ಬಂದರೆ ಪಾತ್ರೆ ನೋಡಿ. ಹಿತ್ತಾಳೆ, ತಾಮ್ರ, ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಇಡಬಾರದು ಅಂತ ಅಜ್ಜಿಯಂದಿರು ಹೇಳಿದ್ದು ಸುಮ್ನೆ ಅಲ್ಲ. ಅದನ್ನು ಯಾರಿಗೂ ಕೊಡಬೇಡಿ. ಅಲ್ಯೂಮಿನಿಯಮ್ ಕೂಡ ಬೇಡ. ಸ್ಟೀಲ್ ಒಂದೇ ಸಾಕು.

ಅಂಗಡಿ ಮುಂದೆ ಬಿಸಿಲಿಗೆ ಇಟ್ಟ ಪಾರದರ್ಶಕ ಬಾಟಲಿಯಲ್ಲಿ ಹಸಿರು ಛಾಯೆ ಹೋಗಿ ಸುಟ್ಟ ಕೂದಲಿನಂಥ ವಾಸನೆ ಬರಬಹುದು. ಬೆಳಕಿಗೆ ರೈಬೋಫ್ಲೇವಿನ್ ಹಾಳಾಗುವುದರ ಪರಿಣಾಮ ಅದು. ನೆರಳಿಗೆ ಸರಿಸಿ.

ಔಷಧಿ ವಾಸನೆ ಬ್ಲೀಚಿಂಗ್ ಪುಡಿಯದು. ತೊಳೆದ ಬಾಟಲಿಗೆ ಕೊನೆಗೆ ಕುದಿಸಿ ಆರಿಸಿದ ನೀರು ಬಿಡಿ. ಪಾತೇಲಿಯೊಳಗೆ ಕೂತ ಬಿಳಿ ಗಟ್ಟಿ ಪದರ ತೆಗೆಯಲು ಕೆಲವರು ವಿನೆಗರ್ ಅಥವಾ ಸಿಟ್ರಿಕ್ ಹಾಕಿ, ಜೊತೆಗೇ ಬ್ಲೀಚಿಂಗ್ ಪುಡಿಯನ್ನೂ ಹಾಕುತ್ತಾರೆ. ಇದನ್ನು ಎಂದೂ ಮಾಡಬೇಡಿ. ಆಮ್ಲ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಸಣ್ಣ ಅಡುಗೆಮನೆಯಲ್ಲಿ ಉಸಿರೇ ಕಟ್ಟುತ್ತದೆ. ಮೊದಲು ಆಮ್ಲ, ಚೆನ್ನಾಗಿ ತೊಳೆಯುವುದು, ಆಮೇಲೆ ಬೇರೆ ದಿನ ಬ್ಲೀಚ್. ಅಕಸ್ಮಾತ್ ಸೇರಿ ಗ್ಯಾಸ್ ಎದ್ದರೆ ಪಾತ್ರೆ ಬಿಟ್ಟು ಎಲ್ಲರೂ ಹೊರಗೆ ಬನ್ನಿ. ಉಸಿರು ಹಿಡಿದರೆ ಆಸ್ಪತ್ರೆಗೆ.

## ಕುಡಿದವರಿಗೆ ಹೊಟ್ಟೆ ಉಬ್ಬರ, ಭೇದಿ

ಮೊದಲ ಪ್ರಶ್ನೆ: ಒಬ್ಬರಿಗಾ, ಹಲವರಿಗಾ?

ಒಬ್ಬರಿಗೆ ಮಾತ್ರ, ಅದೂ ಹಾಲು ಕುಡಿದಾಗೆಲ್ಲ ಹೀಗೇ ಆಗುತ್ತದೆ ಅಂದರೆ ಲ್ಯಾಕ್ಟೋಸ್ ಜೀರ್ಣ ಆಗದಿರುವುದು. ಪನೀರ್ ನೀರಿನಲ್ಲಿ ಅದು ಹಾಲಿನಷ್ಟೇ ಇದೆ. ಅವರಿಗೆ ತೆಳು ಮಜ್ಜಿಗೆ ಸ್ವಲ್ಪ ಸ್ವಲ್ಪ ಒಗ್ಗಬಹುದು. ಮೈ ತುರಿಕೆ, ತುಟಿ ಊತ, ಉಸಿರಾಟದ ತೊಂದರೆ ಬಂದರೆ ಅದು ಹಾಲಿನ ಅಲರ್ಜಿ. ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಒಂದೇ ದಿನದ ಪಾನೀಯ ಕುಡಿದ ಇಬ್ಬರು ಮೂವರಿಗೆ ವಾಂತಿ, ಭೇದಿ ಆದರೆ ಅವತ್ತೇ ಮಾರಾಟ ನಿಲ್ಲಿಸಿ. ಒಂದು ಬಾಟಲಿ ತೆರೆಯದೆ ಫ್ರಿಜ್‌ನಲ್ಲಿ ಉಳಿಸಿ, ಪರೀಕ್ಷೆಗೆ ಬೇಕಾಗುತ್ತದೆ. ಭೇದಿ ಆದವರಿಗೆ ಇದೇ ಪಾನೀಯವನ್ನು ಮದ್ದು ಅಂತ ಕುಡಿಸಬೇಡಿ. ಅವರಿಗೆ ಓಆರ್‌ಎಸ್ ಬೇಕು. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆ, ಮಗು ಮಂಕಾಗಿದೆ ಅಂದರೆ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ.

ಆರು ತಿಂಗಳ ತನಕ ಮಗುವಿಗೆ ತಾಯಿ ಹಾಲು ಬಿಟ್ಟು ಇದೇನೂ ಬೇಡ. ಒಂದು ವರ್ಷದೊಳಗೂ ಬೇಡ. ಸಕ್ಕರೆ ಕಾಯಿಲೆ ಇರುವವರು ಬೆಲ್ಲ, ಸಕ್ಕರೆಯ ಜೊತೆ ಲ್ಯಾಕ್ಟೋಸನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಿಡ್ನಿ ತೊಂದರೆ ಇರುವವರು ಪೊಟ್ಯಾಸಿಯಂ ಕಾರಣಕ್ಕೆ ಡಾಕ್ಟರನ್ನು ಕೇಳಿಯೇ ಕುಡಿಯಲಿ.

## ಯಾವಾಗ ಬೇರೆಯವರನ್ನು ಕೇಳಬೇಕು?

ಮೂರು ಡಬ್ಬಿ ಪರೀಕ್ಷೆ ಎರಡು ಸಲ ಮಾಡಿಯೂ ಉತ್ತರ ಸಿಗದಿದ್ದರೆ, ಬಾಟಲಿ ಎರಡನೇ ಸಲ ಉಬ್ಬಿದರೆ, ಕೊಟ್ಟಿಗೆ ವಾಸನೆ ಬಂದರೆ ಮನೆಯಲ್ಲೇ ಹುಡುಕುವುದನ್ನು ನಿಲ್ಲಿಸಿ. ಬೋರ್‌ವೆಲ್ ನೀರು ಮತ್ತು ಪಾನೀಯ ಎರಡನ್ನೂ ಲ್ಯಾಬಿಗೆ ಕೊಡಿ. ಕೋಲಿಫಾರ್ಮ್ (ಕೊಳಕು ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಅಂತ ಕೇಳಿ. ಮಾದರಿಯನ್ನು ಐಸ್ ಡಬ್ಬಿಯಲ್ಲಿ ಒಯ್ಯಬೇಕು. ಯಾವ ಲ್ಯಾಬ್ ಅಂತ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಹಣ್ಣಿನ ರಸದ ಸಮಸ್ಯೆಗೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದವರನ್ನು ಕೇಳುವುದು ಒಳ್ಳೆಯದು. ಹೋಗುವಾಗ ನೋಟ್‌ಬುಕ್ ಒಯ್ಯಿರಿ. ಮಾರುವವರು ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮೊದಲೇ ಮಾಡಿಸಿಕೊಂಡಿರಬೇಕು.

## ಕೆಟ್ಟದ್ದನ್ನು ಎಲ್ಲಿ ಚೆಲ್ಲುವುದು?

ಗಟಾರಕ್ಕಂತೂ ಬೇಡ. ಈ ನೀರು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಹಳ್ಳಕ್ಕೆ, ಕೆರೆಗೆ ಹೋದರೆ ಮೀನು ಸಾಯುತ್ತವೆ. ತಾಜಾ, ಸಕ್ಕರೆ-ಉಪ್ಪು ಹಾಕದ ನೀರನ್ನು ಎಮ್ಮೆಗೆ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿ ಕುಡಿಸಬಹುದು. ಒಮ್ಮೆಲೇ ಬಕೆಟ್ ಇಟ್ಟರೆ ಅದಕ್ಕೂ ಹೊಟ್ಟೆ ಕೆಡುತ್ತದೆ. ಬೂಷ್ಟು ಬಂದದ್ದು, ಉಬ್ಬಿದ್ದು ದನಕ್ಕೂ ಬೇಡ. ಅದು ಗೊಬ್ಬರ ಗ್ಯಾಸ್ ಗುಂಡಿಗೆ ಹೋಗಲಿ, ದಿನಕ್ಕೆ ಒಂದೆರಡು ತಂಬಿಗೆಯಷ್ಟು, ಸಗಣಿ ನೀರಿನ ಜೊತೆ ಕಲಸಿ. ಒಮ್ಮೆ ನಾನು ಹುಳಿಯಾದ 15 ಲೀಟರನ್ನೂ ಒಂದೇ ಸಲಕ್ಕೆ ಸುರಿದೆ. ನಾಲ್ಕು ದಿನ ಒಲೆ ಸರಿಯಾಗಿ ಉರಿಯಲಿಲ್ಲ. ಈಗ ಗುಂಡಿಯ ಪಕ್ಕ ವೈನಿ ಒಂದು ತಂಬಿಗೆ ಕಟ್ಟಿಟ್ಟಿದ್ದಾರೆ. ಬಕೆಟ್ ಹಿಡಿದು ನಾನು ಆ ಕಡೆ ಹೋಗುವ ಹಾಗಿಲ್ಲ.